ಹಿಂದಿನ ಬ್ಲೋವರ್ ತಿರುಗದಿದ್ದರೆ ಗ್ಯಾಸ್ ತುಂಬಿಸಬೇಡಿ

ಪ್ರಶ್ನೆ: ಬೇಲೂರು ತಾಲ್ಲೂಕಿನಲ್ಲಿ ನಮ್ಮದೊಂದು ಹೋಂ ಸ್ಟೇ ಇದೆ. ಅತಿಥಿಗಳನ್ನು ಹಾಸನ ರೈಲು ನಿಲ್ದಾಣದಿಂದ ಕರೆತರಲು, ಹಳೇಬೀಡು, ಮುಳ್ಳಯ್ಯನಗಿರಿ ಕಡೆ ಸುತ್ತಿಸಲು 2014ರ ಮಾದರಿಯ ಏಳು ಸೀಟಿನ ಡೀಸೆಲ್ ಗಾಡಿ ಇಟ್ಟುಕೊಂಡಿದ್ದೇವೆ. ಮುಂದಿನ ಎಸಿ ಚೆನ್ನಾಗಿದೆ. ಹಿಂದಿನ ಸೀಟಿನವರ ಎಸಿ ಮಾತ್ರ ಕಳೆದ ಮಳೆಗಾಲ ಮುಗಿದ ಮೇಲೆ ಮೂರನೇ ಸ್ಪೀಡಿನಲ್ಲಷ್ಟೇ ಓಡುತ್ತಿತ್ತು. ಒಂದಕ್ಕೋ ಎರಡಕ್ಕೋ ಇಟ್ಟರೆ ಗಾಳಿಯೇ ಇಲ್ಲ. ಆಮೇಲಾಮೇಲೆ ತೋಟದ ರಸ್ತೆಯಲ್ಲಿ ಗಾಡಿ ಕುಲುಕಿದಾಗ ನಿಲ್ಲುವುದು, ಮತ್ತೆ ಕುಲುಕಿದಾಗ ಶುರುವಾಗುವುದು ಆಯಿತು. ನಡುವೆ ಒಮ್ಮೆ ಫ್ಯೂಸ್ ಹೋಯಿತು. ಹಳದಿ ಫ್ಯೂಸ್ ಇದ್ದ ಜಾಗಕ್ಕೆ ಗ್ಯಾರೇಜಿನ ಹುಡುಗ ಹಸಿರು ಫ್ಯೂಸ್ ಹಾಕಿಕೊಟ್ಟ. ಈಗ ಯಾವ ಸ್ಪೀಡಿಗೂ ಸದ್ದಿಲ್ಲ. ಒಬ್ಬರು ಗ್ಯಾಸ್ ಕಮ್ಮಿಯಾಗಿದೆ ಎಂದು ತುಂಬಿಸಿದರು, ಏನೂ ಆಗಲಿಲ್ಲ. ಇನ್ನೊಬ್ಬರು ಮೋಟರ್ ಹೋಗಿದೆ, ಹೊಸದು ತನ್ನಿ ಅಂತಾರೆ. ಮೂರನೆಯವರು ಬ್ಯಾಟರಿಯಿಂದ ಡೈರೆಕ್ಟ್ ವೈರ್ ಎಳೆದು ಒಂದು ಸ್ವಿಚ್ ಕೊಡುತ್ತೇನೆ ಅಂತಾರೆ. ಯಾರ ಮಾತು ಕೇಳಲಿ? ಹಿಂದಿನದು ಹೀಗಿರುವಾಗ ಮುಂದಿನ ಎಸಿ ಹಾಕಿಕೊಂಡು ಓಡಿಸಿದರೆ ಕಂಪ್ರೆಸರ್ ಹಾಳಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಆತಂಕ ಅದರಲ್ಲೇ ಜಾಸ್ತಿ ಕಾಣುತ್ತಿದೆ. ಹಿಂದಿನ ಬ್ಲೋವರ್ ತಿರುಗದಿದ್ದರೂ ಮುಂದಿನ ಎಸಿ ಧಾರಾಳವಾಗಿ ಬಳಸಿ. ಹಿಂದೆ ಜನರಿಲ್ಲದಾಗ ಎಲ್ಲರೂ ಹಿಂದಿನದನ್ನು ಆಫ್ ಮಾಡಿಕೊಂಡೇ ಓಡಿಸುತ್ತಾರೆ, ಗಾಡಿ ಮಾಡಿದವರು ಅದಕ್ಕೆ ತಕ್ಕಂತೆಯೇ ಮಾಡಿದ್ದಾರೆ. ಆಫ್ ಮಾಡಿದ್ದಾಗಲಿ, ಕೆಟ್ಟು ನಿಂತದ್ದಾಗಲಿ, ಕಂಪ್ರೆಸರ್ ಮಟ್ಟಿಗೆ ಎರಡೂ ಒಂದೇ.

ಇನ್ನು ಗ್ಯಾಸ್ ವಿಷಯ. ಬ್ಲೋವರ್ ಎಂದರೆ ಒಂದು ಮೋಟರು, ಅದರ ತುದಿಗೆ ಸಿಕ್ಕಿಸಿದ ಪಂಜರದಂಥ ಫ್ಯಾನು. ಅದು ತಿರುಗುವುದು ಬ್ಯಾಟರಿಯ ಕರೆಂಟಿನಿಂದ. ಪೈಪಿನೊಳಗೆ ಗ್ಯಾಸ್ ತುಂಬಿದ್ದರೂ, ಪೂರಾ ಖಾಲಿಯಾಗಿದ್ದರೂ ಫ್ಯಾನು ತಿರುಗಬೇಕು, ಗಾಳಿ ಬರಬೇಕು. ಗ್ಯಾಸ್ ಇಲ್ಲದಿದ್ದರೆ ಬರುವ ಗಾಳಿ ತಣ್ಣಗಿರುವುದಿಲ್ಲ, ಅಷ್ಟೇ. ಒಂದೇ ಕಂಪ್ರೆಸರು ಮುಂದಕ್ಕೂ ಹಿಂದಕ್ಕೂ ಗ್ಯಾಸ್ ತಳ್ಳುವ ವ್ಯವಸ್ಥೆಯಲ್ಲಿ ಮುಂದಿನದು ಚೆನ್ನಾಗಿ ತಂಪು ಕೊಡುತ್ತಿದೆ ಎಂದಾದರೆ ಗ್ಯಾಸ್ ಕಮ್ಮಿ ಎನ್ನುವುದಕ್ಕೆ ಆಧಾರವೇ ಇರಲಿಲ್ಲ. ಮೇಲಾಗಿ ಎಸಿ ಗ್ಯಾಸ್ ಡೀಸೆಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಲೀಕ್ ಇರಬೇಕು, ಅದನ್ನು ಹುಡುಕದೆ ತುಂಬಿಸುವುದೇ ಅರೆಬರೆ ಕೆಲಸ. ಈಗ ನಿಮ್ಮ ಗಾಡಿಯಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚು ಗ್ಯಾಸ್ ಸೇರಿರುವ ಸಾಧ್ಯತೆ ಇದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ನೀವು ಬರೆದ ಲಕ್ಷಣಗಳು, ಅದರಲ್ಲೂ ಅವು ಬಂದ ಅನುಕ್ರಮ, ಅರ್ಧ ರೋಗವನ್ನು ಹೇಳಿಬಿಟ್ಟಿದೆ. ಇಂಥ ಗಾಡಿಗಳಲ್ಲಿ ಸ್ಪೀಡ್ ಕಡಿಮೆ ಮಾಡುವುದು ರೆಸಿಸ್ಟರ್ ಎಂಬ ಸಣ್ಣ ಬಿಡಿಭಾಗ. ಒಂದು ಮತ್ತು ಎರಡನೇ ಸ್ಪೀಡಿನಲ್ಲಿ ಕರೆಂಟು ಅದರ ಸುರುಳಿಯ ಮೂಲಕ ಹಾಯ್ದು ಹೋಗುತ್ತದೆ, ಒಂದಿಷ್ಟು ಅಲ್ಲೇ ಬಿಸಿಯಾಗಿ ಕಳೆದುಹೋಗಿ ಮೋಟರ್ ನಿಧಾನ ತಿರುಗುತ್ತದೆ. ಅತಿ ಹೆಚ್ಚಿನ ಸ್ಪೀಡಿನಲ್ಲಿ ರೆಸಿಸ್ಟರ್ ಬಳಕೆಯಾಗುವುದೇ ಇಲ್ಲ, ಕರೆಂಟು ನೇರ ಹಾಯುತ್ತದೆ. ಆದ್ದರಿಂದ 'ಮೂರರಲ್ಲಿ ಮಾತ್ರ ಓಡುತ್ತದೆ' ಅಂದ ಕೂಡಲೇ ಬೆರಳು ತೋರಿಸಬೇಕಾದದ್ದು ರೆಸಿಸ್ಟರಿನತ್ತ. ಸುರುಳಿಯ ಪಕ್ಕದಲ್ಲೇ ಒಂದು ಥರ್ಮಲ್ ಫ್ಯೂಸ್ ಇರುತ್ತದೆ, ಬಿಸಿ ಮಿತಿ ಮೀರಿದರೆ ಅದು ಕಡಿದುಹೋಗುತ್ತದೆ. ಒಮ್ಮೆ ಹೋದರೆ ಹೋದಂತೆಯೇ, ತಣ್ಣಗಾದ ಮೇಲೆ ತಾನಾಗಿ ಕೂಡಿಕೊಳ್ಳುವ ಜಾತಿಯದಲ್ಲ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ: ರೆಸಿಸ್ಟರ್ ಸುಟ್ಟಿದೆ, ಹೊಸದು ಹಾಕಿ, ಮುಗಿಯಿತು. ಮೂರು ನಾಲ್ಕು ತಿಂಗಳಿಗೆ ಹೊಸದೂ ಸುಡುತ್ತದೆ. ಸುಟ್ಟ ಭಾಗ ಯಾವುದು ಎನ್ನುವುದಕ್ಕಿಂತ ಅದನ್ನು ಸುಟ್ಟದ್ದು ಯಾವುದು ಎಂದು ನೋಡಬೇಕು. ರೆಸಿಸ್ಟರನ್ನು ಬ್ಲೋವರಿನ ಗಾಳಿ ಹಾಯುವ ದಾರಿಯಲ್ಲೇ ಕೂರಿಸಿರುತ್ತಾರೆ, ಅದೇ ಗಾಳಿ ಅದನ್ನು ತಣ್ಣಗಿಡಲಿ ಎಂದು. ಮೋಟರಿನ ಬುಷ್ (ಶಾಫ್ಟ್ ಕೂತು ತಿರುಗುವ ಬಳೆ) ಒಣಗಿಯೋ, ಫ್ಯಾನಿಗೆ ದೂಳು ಮೆತ್ತಿಕೊಂಡೋ ಬಿಗಿಯಾದರೆ ಎರಡು ಕೆಡುಕು ಒಟ್ಟಿಗೆ ಆಗುತ್ತವೆ. ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ತಣ್ಣಗಿಡುವ ಗಾಳಿಯೂ ಕಮ್ಮಿಯಾಗುತ್ತದೆ. ಕರೆಂಟ್ ಒಂದೂವರೆ ಪಟ್ಟಾದರೆ ರೆಸಿಸ್ಟರಿನಲ್ಲಿ ಹುಟ್ಟುವ ಬಿಸಿ ಎರಡೂಕಾಲು ಪಟ್ಟಾಗುತ್ತದೆ. ಥರ್ಮಲ್ ಫ್ಯೂಸ್ ಹೋಯಿತು. ನೀವು ಬೇರೆ ದಾರಿಯಿಲ್ಲದೆ ಸದಾ ಮೂರನೇ ಸ್ಪೀಡಿನಲ್ಲೇ ಓಡಿಸತೊಡಗಿದಿರಿ. ಪೂರ್ತಿ ಕರೆಂಟು ಕಪ್ಲರಿನ, ಅಂದರೆ ವೈರನ್ನು ಮೋಟರಿಗೆ ಸೇರಿಸುವ ಪ್ಲಗ್ಗಿನ, ಪಿನ್ನುಗಳ ಮೇಲೆ ಸತತವಾಗಿ ಹರಿಯಿತು. ಪಿನ್ನು ಕಾದು ಸಡಿಲವಾಯಿತು, ಕುಲುಕಿದಾಗ ಸಂಪರ್ಕ ಬಿಟ್ಟು ಹಿಡಿದು ಆಡಿತು. ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದಿದ್ದರೂ ಕುಲುಕಿದಾಗ ಇದೇ ಲಕ್ಷಣ. ಕೊನೆಗೆ ಮೋಟರ್ ಇನ್ನಷ್ಟು ಬಿಗಿದು ಫ್ಯೂಸ್ ಹಾರಿಸಿತು. ನೀವು ಬರೆದದ್ದನ್ನು ಓದಿದರೆ ನನಗೆ ಕಾಣುವ ಸರಪಳಿ ಇದು. ಗಾಡಿ ಎದುರಿಗಿಲ್ಲದೆ ಇದನ್ನು ತೀರ್ಪು ಎಂದು ಹೇಳಲಾರೆ, ಆದರೆ ಪರೀಕ್ಷೆ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಇಷ್ಟು ಸಾಕು.

ಎಲ್ಲಕ್ಕೂ ಮೊದಲು, ಇವತ್ತೇ ಆ ಹಸಿರು ಫ್ಯೂಸ್ ತೆಗೆಯಿರಿ. ಚಪ್ಪಟೆ ಫ್ಯೂಸುಗಳಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಬಣ್ಣವಿಲ್ಲದ ಪಾರದರ್ಶಕ 25, ಹಸಿರು 30. ಕಂಪನಿಯವರು 20ರ ಫ್ಯೂಸ್ ಇಟ್ಟಿದ್ದು ಆ ವೈರು ತಡೆಯುವ ಮಿತಿಯನ್ನು ಲೆಕ್ಕಹಾಕಿ. 30 ಹಾಕಿದಿರಿ ಎಂದರೆ ಇನ್ನು ಮುಂದೆ ಬಿಗಿದುಕೊಂಡ ಮೋಟರ್ 28 ಆಂಪಿಯರ್ ಎಳೆದರೂ ಫ್ಯೂಸ್ ಸುಮ್ಮನಿರುತ್ತದೆ, ಕಾಯುವುದು ಸೀಟಿನ ಪಕ್ಕದ ಪ್ಯಾನೆಲಿನೊಳಗೋ ರೂಫ್ ಲೈನಿಂಗ್ ಒಳಗೋ ಹಾದುಹೋಗಿರುವ ವೈರು. ಸ್ಪಂಜು, ಬಟ್ಟೆ, ಪ್ಲಾಸ್ಟಿಕ್ಕಿನ ನಡುವೆ. ಪ್ರಯಾಣಿಕರ ತಲೆಯ ಮೇಲೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಗೂ ಒಪ್ಪುವುದಿಲ್ಲ. ಹಳದಿ ಹಾಕಿದಾಗ ಹೋದರೆ ಹೋಗಲಿ, ಹೋದದ್ದೇ ಒಂದು ಮಾಹಿತಿ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆ ಎಂದರೆ ಮೋಟರ್ ಬಿಗಿದಿದೆ ಅಥವಾ ವೈರು ಗಾಡಿಯ ಲೋಹದ ಬಾಡಿಗೆ ತಾಗಿದೆ. ಫ್ಯೂಸ್ ಚೆನ್ನಾಗಿದ್ದೂ ಮೋಟರ್ ಸುಮ್ಮನಿದೆ ಎಂದರೆ ಎಲ್ಲೋ ದಾರಿ ಕಡಿದಿದೆ: ಕಾರ್ಬನ್, ಕಪ್ಲರ್, ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಡಬ್ಬಿ), ಸ್ವಿಚ್, ಅರ್ತ್ (ಕರೆಂಟು ಗಾಡಿಯ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ), ಇವುಗಳಲ್ಲೊಂದು.

ಪ್ಯಾನೆಲ್ ಬಿಚ್ಚುವ ಮುಂಚೆ ಸುಲಭದ್ದನ್ನು ನೋಡಿ ಮುಗಿಸಿ. ಎಷ್ಟೋ ಗಾಡಿಗಳಲ್ಲಿ ಹಿಂದಿನ ಎಸಿಗೆ ಎರಡು ಸ್ವಿಚ್: ಡ್ರೈವರ್ ಎದುರಿಗೆ ಒಂದು, ಹಿಂದೆ ಮೇಲುಗಡೆ ಸ್ಪೀಡಿನದು ಇನ್ನೊಂದು. ಎರಡೂ ಹಾಕಿರಬೇಕು. ಕೆಲವು ಗಾಡಿಗಳಲ್ಲಿ ಮುಂದಿನ ಬ್ಲೋವರ್ ಓಡುತ್ತಿದ್ದರೆ ಮಾತ್ರ ಹಿಂದಿನದಕ್ಕೆ ಕರೆಂಟು ಸಿಗುತ್ತದೆ. ಡ್ರೈವರುಗಳು ಬದಲಾಗುವ ಗಾಡಿಯಲ್ಲಿ ಇಷ್ಟಕ್ಕೇ ಗ್ಯಾರೇಜಿಗೆ ಬರುವವರೂ ಉಂಟು. ಆಮೇಲೆ ರಿಲೇ. ಅದೇ ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. 'ಟಿಕ್' ಅಂತ ಶಬ್ದ ಬಂತು, ರಿಲೇ ಸರಿ ಇದೆ ಎನ್ನುವವರನ್ನು ನಂಬಬೇಡಿ. ಒಳಗಿನ ಕಾಯಿಲ್ ಎಳೆದರೆ ಟಿಕ್ ಅನ್ನುತ್ತದೆ, ಕರೆಂಟು ದಾಟಿಸುವ ಮುಳ್ಳುಗಳು ಸುಟ್ಟು ಕರಕಲಾಗಿದ್ದರೂ ಶಬ್ದ ಅದೇ.

ಈಗ ಮುಖ್ಯ ಪರೀಕ್ಷೆ. ಮೋಟರ್ ತರಿಸುವ ಮೊದಲು ಇದನ್ನು ನಿಮ್ಮ ಎದುರಿಗೇ ಮಾಡಿಸಿ. ಇದಕ್ಕೆ ಸ್ಕ್ಯಾನರ್ ಬೇಡ, 21 ವಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪು ಸಾಕು. ಮಲ್ಟಿಮೀಟರ್ ಒಂದನ್ನೇ ನಂಬಿದರೆ ಮೋಸಹೋಗುತ್ತೀರಿ. ತುಕ್ಕು ಹಿಡಿದು ಒಂದೇ ಎಳೆ ಉಳಿದಿರುವ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಬಲ್ಬು ಹೆಚ್ಚುಕಡಿಮೆ ಕಾಲು ಕಮ್ಮಿ ಎರಡು, ಅಂದರೆ 1.75 ಆಂಪಿಯರ್ ಎಳೆಯುತ್ತದೆ, ದಾರಿ ಸರಿಯಿಲ್ಲದಿದ್ದರೆ ಮಂಕಾಗಿ ಹೇಳಿಬಿಡುತ್ತದೆ.

ಮೋಟರಿನ ಕಪ್ಲರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಹಿಂದಿನ ಸ್ವಿಚ್ಚನ್ನು ಅತಿ ಹೆಚ್ಚಿನ ಸ್ಪೀಡಿಗೆ ಇಡಿ. ಬಲ್ಬಿನ ಎರಡು ತುದಿಗಳನ್ನು ಕಪ್ಲರಿನ ಎರಡು ಪಿನ್ನಿಗೆ ಹಿಡಿಯಿರಿ. ಝಗ್ಗನೆ ಉರಿದರೆ ಕರೆಂಟೂ ಬರುತ್ತಿದೆ, ಅರ್ತೂ ಇದೆ ಎಂದರ್ಥ, ಅನುಮಾನ ಮೋಟರಿನ ಮೇಲೆ ಗಟ್ಟಿಯಾಗುತ್ತದೆ. ಉರಿಯದಿದ್ದರೆ ಒಂದು ತುದಿಯನ್ನು ಪಿನ್ನಿನಲ್ಲೇ ಬಿಟ್ಟು ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ. ಎರಡೂ ಪಿನ್ನುಗಳನ್ನು ಹೀಗೆ ಒಂದೊಂದಾಗಿ ನೋಡಿ. ಒಂದರಲ್ಲಿ ಉರಿಯಿತು ಎಂದರೆ ಮೋಟರ್‌ವರೆಗೆ ಕರೆಂಟು ಬಂದಿದೆ, ಕಡಿದಿರುವುದು ಅರ್ತ್ ಕಡೆ. ಎಷ್ಟೋ ಗಾಡಿಗಳಲ್ಲಿ ಸ್ಪೀಡ್ ಸ್ವಿಚ್ಚು, ರೆಸಿಸ್ಟರು ಇರುವುದು ಮೋಟರ್ ದಾಟಿದ ಮೇಲೆ, ಅರ್ತ್ ದಾರಿಯಲ್ಲೇ. ಆದ್ದರಿಂದ ಆಗ ಸ್ವಿಚ್ಚನ್ನೂ ಅರ್ತ್ ಬೋಲ್ಟನ್ನೂ ನೋಡಬೇಕು. ಯಾವ ಪಿನ್ನಿನಲ್ಲೂ ಉರಿಯದಿದ್ದರೆ ಫ್ಯೂಸು, ರಿಲೇ, ಅಲ್ಲಿಂದ ಹಿಂದಕ್ಕೆ ಬಂದ ವೈರು.

ಇಲ್ಲೊಂದು ಸೂಕ್ಷ್ಮ ಇದೆ. ಬ್ಲೋವರ್ ಮೋಟರ್ ಬಲ್ಬಿನ ಹಲವು ಪಟ್ಟು ಕರೆಂಟ್ ಬೇಡುತ್ತದೆ. ಅರೆಸುಟ್ಟ ಕಪ್ಲರ್ ಬಲ್ಬನ್ನು ಉರಿಸಿ ಮೋಟರನ್ನು ತಿರುಗಿಸಲಾರದೆ ಹೋಗಬಹುದು. ಆದ್ದರಿಂದ ಬಲ್ಬು ಉರಿದ ಮಾತ್ರಕ್ಕೆ ಮೋಟರ್ ಆರ್ಡರ್ ಮಾಡಬೇಡಿ. ಕಪ್ಲರ್ ಮತ್ತೆ ಸೇರಿಸಿ, ಅದರ ಹಿಂಬದಿಯಿಂದ ಮೀಟರಿನ ಮುಳ್ಳು ತೂರಿಸಿ ಮೋಟರಿನ ಎರಡು ತುದಿಗಳ ನಡುವಿನ ವೋಲ್ಟ್ ನೋಡಿ. ಮೋಟರ್ ಸೇರಿಸಿದಾಗಲೂ 11ಕ್ಕಿಂತ ಮೇಲಿದ್ದು ಅದು ತಿರುಗದಿದ್ದರೆ ಮೋಟರ್ ಹೋಗಿದೆ, ಇನ್ನು ಅನುಮಾನ ಬೇಡ. ಸೇರಿಸಿದ ಕೂಡಲೇ ಮೂರು ನಾಲ್ಕು ವೋಲ್ಟಿಗೆ ಬಿದ್ದರೆ, ಒಂದೋ ದಾರಿಯಲ್ಲೆಲ್ಲೋ ಸುಟ್ಟ ಸಂಪರ್ಕ ಇದೆ, ಇಲ್ಲವೇ ಮೋಟರ್ ಪೂರ್ತಿ ಬಿಗಿದು ಕಂಡಾಪಟ್ಟೆ ಕರೆಂಟ್ ಎಳೆಯುತ್ತಿದೆ. ಯಾವುದೆಂದು ಕೈಯಿಂದ ಫ್ಯಾನ್ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಒಳ್ಳೆಯ ಮೋಟರು ತಳ್ಳಿ ಬಿಟ್ಟ ಮೇಲೂ ಒಂದೆರಡು ಸುತ್ತು ತಾನಾಗಿ ಓಡುತ್ತದೆ. ಕೈ ಬಿಟ್ಟಲ್ಲೇ ನಿಂತರೆ, ಗರಗರ ಅಂದರೆ, ಬುಷ್ ಹೋಗಿದೆ. ಸ್ವಿಚ್ ಹಾಕಿಟ್ಟು ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿನ ಬೆನ್ನಿಗೆ ಮೆಲ್ಲಗೆ ತಟ್ಟಿದಾಗ ಎದ್ದು ಓಡಿದರೆ ಕಾರ್ಬನ್ ಮುಗಿದಿದೆ. ತಟ್ಟಿದ್ದಕ್ಕೆ ಓಡಿತು ಎಂದು ಸಮಾಧಾನಪಟ್ಟುಕೊಳ್ಳಬೇಡಿ, ಮುಂದಿನ ತಿರುವಿನಲ್ಲೇ ನಿಲ್ಲಬಹುದು.

ಮೋಟರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಅಳೆದರೆ ಚಿತ್ರ ಇನ್ನೂ ಸ್ಪಷ್ಟ. ಆದರೆ ಮನೆ ವೈರಿಂಗ್ ಮಾಡುವವರ ಬಳಿಯ ಸಾಮಾನ್ಯ ಕ್ಲ್ಯಾಂಪ್ ಮೀಟರ್ ಇಲ್ಲಿ ಕೆಲಸಕ್ಕೆ ಬಾರದು, ಅವುಗಳಲ್ಲಿ ಹೆಚ್ಚಿನವು ಮನೆಗೆ ಬರುವ ಆಲ್ಟರ್ನೇಟಿಂಗ್ ಕರೆಂಟನ್ನಷ್ಟೇ ಅಳೆಯುತ್ತವೆ. ಡಿಸಿ, ಅಂದರೆ ಬ್ಯಾಟರಿಯ ಕರೆಂಟು ಅಳೆಯುವ ಕ್ಲ್ಯಾಂಪ್ ಬೇಕು. ಮಾಮೂಲಿ ಮಲ್ಟಿಮೀಟರನ್ನು ಫ್ಯೂಸಿನ ಜಾಗಕ್ಕೆ ಸಿಕ್ಕಿಸಿ ಅಳೆಯಲು ಹೋದರೆ ಅದರ 10 ಆಂಪಿಯರ್ ಮಿತಿ ದಾಟಿ ಮೀಟರೇ ಸುಡುತ್ತದೆ.

ತಾಪಮಾನವನ್ನು ಅಂಕಿಯಲ್ಲಿ ತೋರಿಸುವ ಆಟೋಮ್ಯಾಟಿಕ್ ಎಸಿಯಾದರೆ ಕಥೆ ಸ್ವಲ್ಪ ಬೇರೆ. ಅಲ್ಲಿ ರೆಸಿಸ್ಟರಿನ ಬದಲು ಅಲ್ಯೂಮಿನಿಯಂ ರೆಕ್ಕೆಗಳಿರುವ ಪವರ್ ಮಾಡ್ಯೂಲ್ ಇರುತ್ತದೆ. ಅದಕ್ಕೆ ಎರಡು ದಪ್ಪ ವೈರಿನ ಜೊತೆ ಕಂಟ್ರೋಲ್ ಯೂನಿಟ್ಟಿನಿಂದ ಬರುವ ತೆಳು ವೈರೂ ಸೇರಿರುತ್ತದೆ. ಆ ತೆಳು ವೈರಿಗೆ ಟೆಸ್ಟ್ ಲ್ಯಾಂಪ್ ತಾಗಿಸಬಾರದು, ಕಂಟ್ರೋಲ್ ಯೂನಿಟ್ ಹೋದರೆ ಬ್ಲೋವರಿನ ಖರ್ಚು ಏನೂ ಅಲ್ಲ ಅನ್ನಿಸುತ್ತದೆ. ಮಾಡ್ಯೂಲ್ ಕೆಟ್ಟರೆ ಯಾವ ಸ್ಪೀಡೂ ಇಲ್ಲದಿರಬಹುದು, ಇಲ್ಲವೇ ಆಫ್ ಮಾಡಿದರೂ ಓಡುತ್ತಲೇ ಇರಬಹುದು. ನಿಮ್ಮದು ಮೂರು ಸ್ಪೀಡಿನ ಸ್ವಿಚ್ ಎಂದಿದ್ದೀರಿ, ಹಾಗಾಗಿ ಇದು ನಿಮಗೆ ಅನ್ವಯಿಸದು.

ಪ್ಯಾನೆಲ್ ಬಿಚ್ಚುವ ಬಗ್ಗೆ ಒಂದು ಎಚ್ಚರಿಕೆ. ಹಿಂದಿನ ಘಟಕ ಕೆಲವು ಗಾಡಿಗಳಲ್ಲಿ ಚಾವಣಿಯಲ್ಲಿದೆ, ಕೆಲವಲ್ಲಿ ಕೊನೆಯ ಸೀಟಿನ ಪಕ್ಕದ ಗೋಡೆಯೊಳಗಿದೆ. ಚಾವಣಿಯ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಕಾದು ಆಮೇಲೆ ಲೈನಿಂಗಿಗೆ ಕೈಹಾಕಬೇಕು. ಕ್ಲಿಪ್ಪುಗಳನ್ನು ಲೋಹದ ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಮುರಿಯುತ್ತವೆ, ಆಮೇಲೆ ಘಾಟಿ ರಸ್ತೆಯುದ್ದಕ್ಕೂ ಪ್ಯಾನೆಲ್ ಕಟಕಟ ಅನ್ನುತ್ತಿರುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಲು ಹೇಳಿ.

ಬಿಚ್ಚಿದ ಮೇಲೆ ಏನು ಹುಡುಕಬೇಕು ಎನ್ನುವುದಕ್ಕೆ ನಮ್ಮ ಕಡೆಯ ಹವೆಯೇ ಅರ್ಧ ಉತ್ತರ. ಅರಸೀಕೆರೆ, ಕಡೂರು ಕಡೆಯ ಗಾಡಿಗಳಲ್ಲಿ ಬ್ಲೋವರ್ ಸವೆಯುವುದು ದೂಳಿನಿಂದ, ಬೇಸಿಗೆಯಿಡೀ ಪೂರ್ತಿ ಸ್ಪೀಡಿನಲ್ಲಿ ಓಡಿಸುವುದರಿಂದ. ಬೇಲೂರಿನ ಪಶ್ಚಿಮಕ್ಕೆ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಬೆಟ್ಟದ ಕಡೆಯವರಲ್ಲಿ ಬ್ಲೋವರ್ ಕೆಡುವುದು ಓಡಿಸದೆ ಇರುವುದರಿಂದ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ಎಸಿ ಯಾರಿಗೂ ಬೇಡ. ಅಷ್ಟು ತಿಂಗಳು ತೇವದಲ್ಲಿ ಸುಮ್ಮನೆ ಕೂತ ಮೋಟರಿನಲ್ಲಿ ಕಮ್ಯುಟೇಟರ್ (ಕಾರ್ಬನ್ ಉಜ್ಜುವ ತಾಮ್ರದ ಉಂಗುರ) ಹಸಿರುಗಟ್ಟುತ್ತದೆ, ಕಾರ್ಬನ್ ತನ್ನ ಗೂಡಿನಲ್ಲಿ ಅಂಟಿಕೊಳ್ಳುತ್ತದೆ, ಬುಷ್ ಒಣಗುತ್ತದೆ. ದಸರಾ ರಜೆಗೆ ಪ್ರವಾಸಿಗರು ಬಂದಾಗ ಸ್ವಿಚ್ ಹಾಕಿದರೆ ಏಳುವುದಿಲ್ಲ. ನಿಮ್ಮ ತೊಂದರೆ ಮಳೆಗಾಲದ ಬೆನ್ನಿಗೇ ಶುರುವಾದದ್ದು ನನಗೆ ಆಕಸ್ಮಿಕ ಅನ್ನಿಸುತ್ತಿಲ್ಲ.

ನೀರು ಬಂದ ದಾರಿಯನ್ನೂ ನೋಡಿಸಿ. ಕೂಲಿಂಗ್ ಕಾಯಿಲ್ ಮೇಲೆ ಕಟ್ಟುವ ನೀರು ಒಂದು ತೆಳು ಕೊಳವೆಯಲ್ಲಿ ಇಳಿದು ಗಾಡಿಯ ಕೆಳಗೆ ಬೀಳಬೇಕು. ತೋಟದ ಕೆಂಪು ಮಣ್ಣು ಮೆತ್ತಿಯೋ ಕಣಜದ ಹುಳ ಮಣ್ಣಿನ ಗೂಡು ಕಟ್ಟಿಯೋ ಆ ಕೊಳವೆಯ ಬಾಯಿ ಮುಚ್ಚಿದರೆ ನೀರು ಒಳಗೇ ನಿಂತು ಮೋಟರು, ರೆಸಿಸ್ಟರ್ ಕಡೆ ಹರಿಯುತ್ತದೆ. ತಿರುವಿನಲ್ಲಿ ಅತಿಥಿಗಳ ಹೆಗಲಿಗೆ ನೀರು ಚಿಮ್ಮಿದ್ದು ನೆನಪಿದೆಯೇ, ಡ್ರೈವರನ್ನು ಕೇಳಿ. ಕೊಳವೆ ಬಿಡಿಸಲು ಕೆಳಗಿನಿಂದ ಮೆಲ್ಲಗೆ ಗಾಳಿ ಊದಬೇಕು. ಟೈರಿಗೆ ಹೊಡೆಯುವ ಒತ್ತಡದಲ್ಲಿ ಊದಿದರೆ ಕೊಳವೆ ಒಳಗಡೆ ಜೋಡಣೆಯಿಂದ ಕಳಚಿಕೊಂಡು ಮುಂದೆ ನೀರೆಲ್ಲ ಲೈನಿಂಗಿಗೇ ಇಳಿಯುತ್ತದೆ. ಮೇಲೆ ಲಗೇಜ್ ಕ್ಯಾರಿಯರ್ ಕೂರಿಸಲು ಆಮೇಲೆ ತೂತು ಹೊಡೆಸಿದ್ದರೆ ಆ ಬೋಲ್ಟುಗಳ ಬುಡವನ್ನೂ ನೋಡಬೇಕು.

ಮತ್ತೆ ಇಲಿ. ಕಾಫಿ ಕಣದ ಪಕ್ಕ, ಗೋದಾಮಿನ ಜಗಲಿಯಲ್ಲಿ ನಿಲ್ಲಿಸುವ ಗಾಡಿಗೆ ಇದು ಮಾಮೂಲಿ ಕಾಟ. ಪ್ಯಾನೆಲಿನೊಳಗೆ ಗೂಡು ಕಟ್ಟಿ, ಬ್ಲೋವರ್ ಪಂಜರಕ್ಕೆ ನಾರು, ಬಟ್ಟೆ ಚೂರು ತುಂಬಿ, ಹೋಗುವಾಗ ವೈರನ್ನೂ ಕಡಿದು ಹೋಗಿರುತ್ತದೆ. ಕಡಿದ ವೈರು ಬಾಡಿಗೆ ತಾಗಿದರೂ ಫ್ಯೂಸ್ ಹಾರುತ್ತದೆ. ಆದ್ದರಿಂದ ಮೋಟರನ್ನು ದೂರುವ ಮೊದಲು ಟಾರ್ಚ್ ಹಿಡಿದು ವೈರಿನ ಉದ್ದಕ್ಕೂ ಒಮ್ಮೆ ನೋಡಲಿ.

ರಿಪೇರಿಯಲ್ಲಿ ನಿಮಗಿರುವ ದಾರಿಗಳು ಹೀಗಿವೆ. ಕೈಯಲ್ಲಿ ತಿರುಗಿಸಿದಾಗ ಹಗುರವಾಗಿದ್ದು ಕಾರ್ಬನ್ ಮಾತ್ರ ಸವೆದಿದ್ದರೆ, ಮೋಟರ್ ರಿಪೇರಿ ಮಾಡುವವರಲ್ಲಿ ಕಾರ್ಬನ್ ಬದಲಿಸಿಕೊಂಡು ವರ್ಷಗಳ ಕಾಲ ಓಡಿಸಬಹುದು. ಅಳತೆಗೆ ಸರಿಹೊಂದುವ ಕಾರ್ಬನ್ ಆಗಬೇಕು. ಬೇರೆ ಯಾವುದೋ ಮೋಟರಿನ ಗಟ್ಟಿ ಕಾರ್ಬನ್ನನ್ನು ಉಜ್ಜಿ ಕೂರಿಸಿದರೆ ಕಮ್ಯುಟೇಟರನ್ನೇ ತಿಂದುಹಾಕುತ್ತದೆ. ಬುಷ್‌ಗೆ ಒಂದೆರಡು ಹನಿ ತೆಳು ಎಣ್ಣೆ ಸಾಕು. ಧಾರಾಳವಾಗಿ ಸುರಿದರೆ ಕಾರ್ಬನ್ ಪುಡಿ ಜೊತೆ ಸೇರಿ ಕಪ್ಪು ಲೇಹ್ಯವಾಗುತ್ತದೆ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಥೆ. ಫ್ಯಾನ್ ಪಂಜರದ ಅಂಚಿಗೆ ಸಣ್ಣ ಲೋಹದ ಕ್ಲಿಪ್ ಸಿಕ್ಕಿಸಿದ್ದರೆ ಅದನ್ನು ಕಸ ಎಂದು ಕಿತ್ತು ಬಿಸಾಡದಂತೆ ನೋಡಿಕೊಳ್ಳಿ. ಫ್ಯಾನು ಅದುರದಂತೆ ತೂಕ ಸರಿಮಾಡಲು ಇಟ್ಟದ್ದು ಅದು.

ಬುಷ್ ಹೋಗಿ ಶಾಫ್ಟ್ ಅಲುಗಾಡುತ್ತಿದ್ದರೆ ಮೋಟರ್ ಬದಲಿಸುವುದೇ ಮೇಲು. ಹೊಸದಾಗಲಿ, ಗುಜರಿಯಿಂದ ತಂದ ಹಳೆಯದಾಗಲಿ, ತಿರುಗುವ ದಿಕ್ಕು ಸರಿಯಿದೆಯೇ ಎಂದು ಪರೀಕ್ಷಿಸಲೇಬೇಕು. ಈ ಪಂಜರದ ಫ್ಯಾನಿನ ಗುಣ ವಿಚಿತ್ರ: ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಂದಲೇ ಹೊರಗೆ ಬರುತ್ತದೆ, ಆದರೆ ಬಹಳ ಕಮ್ಮಿ. ಪಿನ್ನು ಅದಲುಬದಲಾಗಿ ಕೂರಿಸಿದ ಮೋಟರಿನಿಂದ ಸಪ್ಪೆ ಗಾಳಿ ಬರುತ್ತದೆ, ತಂಪು ಸಾಲುತ್ತಿಲ್ಲ ಎಂದು ಮತ್ತೆ ಗ್ಯಾಸ್ ತುಂಬಿಸಲು ಹೋಗುತ್ತಾರೆ. ಹಳೆಯ ಮೋಟರಿನ ಬೆನ್ನಿಗೆ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿತ್ತು ಎಂದಾದರೆ ಹೊಸದಕ್ಕೂ ಅದನ್ನು ಸಿಕ್ಕಿಸಬೇಕು. ಮೋಟರಿನ ಒಳಭಾಗವನ್ನು ತಣ್ಣಗಿಡುವ ಗಾಳಿ ಬರುವುದು ಅಲ್ಲಿಂದ.

ರೆಸಿಸ್ಟರ್ ನಿಮ್ಮ ಗಾಡಿಯಲ್ಲಿ ಹೇಗೂ ಹೋಗಿರುವ ಹಾಗಿದೆ. ಮೋಟರಿಗೆ ಹೋಲಿಸಿದರೆ ಅಗ್ಗದ ಸಾಮಾನು, ಮೋಟರಿನ ಜೊತೆಗೇ ಬದಲಿಸಿ. ಕಡಿದ ಥರ್ಮಲ್ ಫ್ಯೂಸಿಗೆ ತಂತಿ ಸುತ್ತಿ 'ಸರಿಮಾಡಿದೆ' ಎನ್ನುವ ಕೈಚಳಕ ನಮ್ಮ ಕಡೆ ಚಾಲ್ತಿಯಲ್ಲಿದೆ. ಆ ಸುರುಳಿ ಕೂತಿರುವುದು ಪ್ಲಾಸ್ಟಿಕ್ ಡಬ್ಬಿಯೊಳಗೆ. ಮುಂದೊಂದು ದಿನ ಮೋಟರ್ ನಿಂತಾಗ ಗಾಳಿಯಿಲ್ಲದೆ ಅದು ಕೆಂಡವಾದರೆ ತಡೆಯಲು ಮತ್ತೇನೂ ಉಳಿದಿರುವುದಿಲ್ಲ. ಬೇಡ.

ಕಪ್ಲರ್ ಕಂದುಬಣ್ಣಕ್ಕೆ ತಿರುಗಿದ್ದರೆ, ಕರಗಿ ಉಬ್ಬಿದ್ದರೆ, ಅದನ್ನು ಉಳಿಸಿಕೊಂಡು ಹೊಸ ಮೋಟರ್ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ. ಒಮ್ಮೆ ಕಾದ ಪಿನ್ನಿನ ಬಿಗಿ ಮತ್ತೆ ಬರುವುದಿಲ್ಲ, ಅದು ಹೊಸ ಮೋಟರಿನ ಪಿನ್ನನ್ನೂ ಸುಡುತ್ತದೆ. ಅದೇ ದಪ್ಪದ ವೈರಿರುವ ಹೊಸ ಕಪ್ಲರ್ ಕ್ರಿಂಪ್ ಮಾಡಿಸಿ (ಲೋಹದ ತೋಳಿನಲ್ಲಿಟ್ಟು ಇಕ್ಕಳದಿಂದ ಒತ್ತಿ ಕೂಡಿಸಿ), ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ, ಹಾಕಿಸಿ. ತಿರುಚಿ ಟೇಪ್ ಸುತ್ತಿದ ಜೋಡಣೆ ಈ ಕರೆಂಟಿಗೆ ನಿಲ್ಲುವುದಿಲ್ಲ.

ಡೈರೆಕ್ಟ್ ವೈರ್ ಬಗ್ಗೆ ನನ್ನ ಅಭಿಪ್ರಾಯ: ಮೋಟರ್ ಚೆನ್ನಾಗಿದೆಯೇ ಎಂದು ನೋಡಲು ಎರಡು ನಿಮಿಷ ಹಾಗೆ ಓಡಿಸಬಹುದು, ನಡುವೆ 20ರ ಫ್ಯೂಸ್ ಇಟ್ಟುಕೊಂಡು. ಕಾಯಂ ವ್ಯವಸ್ಥೆಯಾಗಿ ಬೇಡ. ಮೋಟರೇ ಬಿಗಿದಿದ್ದರೆ ಡೈರೆಕ್ಟ್ ಕೊಟ್ಟರೂ ಅದು ತಿರುಗದು, ಕಾರ್ಬನ್ ಮುಗಿದಿದ್ದರೂ ತಿರುಗದು. ಅಂದರೆ ನಿಮ್ಮ ತೊಂದರೆಗೆ ಅದು ಪರಿಹಾರವೇ ಅಲ್ಲದಿರಬಹುದು. ತಿರುಗಿದರೂ ಸ್ಪೀಡ್ ಬದಲಿಸಲಾಗದು, ಕೀ ತೆಗೆದರೂ ಓಡುತ್ತಲೇ ಇರುತ್ತದೆ. 10 ಆಂಪಿಯರ್ ಎಳೆಯುವ ಮೋಟರನ್ನು ರಾತ್ರಿ ಆಫ್ ಮಾಡಲು ಮರೆತರೆ 65 ಆಂಪಿಯರ್ ಅವರ್ ಬ್ಯಾಟರಿ ಬೆಳಗಿನ ಹೊತ್ತಿಗೆ ಮುಗಿದಿರುತ್ತದೆ. ಸಣ್ಣ ಟಾಗಲ್ ಸ್ವಿಚ್ ಅಷ್ಟು ಕರೆಂಟಿಗೆ ಕಾದು ಕರಗುತ್ತದೆ. ಗಾಡಿಗೆ ಬೆಂಕಿ ಬಿದ್ದರೆ ಇಂಥ ಹೆಚ್ಚುವರಿ ವೈರಿಂಗ್ ಕಂಡು ವಿಮೆಯವರು ತಕರಾರು ತೆಗೆಯಬಹುದು. ಹಳೆಯ ವೈರು ಇಲಿ ಕಡಿದು ಪೂರ್ತಿ ಹಾಳಾಗಿ ಹೊಸದು ಎಳೆಯಲೇಬೇಕಾದರೆ, ಬ್ಯಾಟರಿಯ ಬುಡದಲ್ಲೇ ಫ್ಯೂಸ್, ಇಗ್ನಿಷನ್ ಆನ್ ಇದ್ದಾಗ ಮಾತ್ರ ಎಳೆಯುವ ರಿಲೇ, 2.5 ಚದರ ಮಿಲಿಮೀಟರ್ ತಾಮ್ರದ ಆಟೋ ವೈರು, ತಗಡು ದಾಟುವಲ್ಲೆಲ್ಲ ರಬ್ಬರ್ ಗ್ರಾಮೆಟ್, ಇಷ್ಟನ್ನೂ ಹಾಕಿಸಿ, ಹಳೆಯ ಸ್ವಿಚ್ಚು ರೆಸಿಸ್ಟರುಗಳ ಮೂಲಕವೇ ಕೊಡಿಸಿ.

ಕೂಲಿಂಗ್ ಕಾಯಿಲ್ ಕಣ್ಣಿಗೆ ಬಿದ್ದಾಗ ಅದನ್ನೂ ಶುಚಿ ಮಾಡಿಸಿ. ಹಿಂದಿನ ಘಟಕಕ್ಕೆ ಹಲವು ಗಾಡಿಗಳಲ್ಲಿ ಫಿಲ್ಟರೇ ಇಲ್ಲ, ಮ್ಯಾಟಿನ ನಾರು, ಕೂದಲು, ದೂಳು ನೇರ ಕಾಯಿಲಿಗೇ ಅಂಟುತ್ತವೆ. ಮೆತ್ತನೆ ಬ್ರಷ್ ಮತ್ತು ಕಾಯಿಲ್ ತೊಳೆಯುವ ನೊರೆ ಸಾಕು. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಬಿಟ್ಟರೆ ರೆಕ್ಕೆಗಳು ಮಡಚಿ ಗಾಳಿ ಶಾಶ್ವತವಾಗಿ ನಿಲ್ಲುತ್ತದೆ. ರಿಪೇರಿಯಾದ ಮೇಲೆ ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಹಿಂದಿನ ಬ್ಲೋವರ್ ಓಡಿಸಲು ಡ್ರೈವರಿಗೆ ಹೇಳಿಬಿಡಿ. ಕಂಪ್ರೆಸರ್ ಬೇಕಿಲ್ಲ, ಗಾಳಿ ಮಾತ್ರ ಸಾಕು.

ಇನ್ನು ಹೆಚ್ಚುವರಿ ಗ್ಯಾಸ್. ಎರಡು ಎಸಿಯ ಗಾಡಿಗೆ ಎಷ್ಟು ಗ್ರಾಂ ಗ್ಯಾಸ್ ಎಂಬುದು ಸಾಮಾನ್ಯವಾಗಿ ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಇರುತ್ತದೆ, 2014ರ ಗಾಡಿಯಾದ್ದರಿಂದ ಆರ್-134ಎ. ಶಿರಾಡಿ ಘಾಟಿ ಹತ್ತುವಾಗಲೋ ಹಾಸನದ ಟ್ರಾಫಿಕ್ಕಿನಲ್ಲಿ ನಿಂತಾಗಲೋ ಮುಂದಿನ ತಂಪು ಬಿಟ್ಟುಬಿಟ್ಟು ಬರುತ್ತಿದ್ದರೆ, ಗ್ಯಾಸ್ ಹೆಚ್ಚಾಗಿ ಒತ್ತಡ ಏರಿ ಕಂಪ್ರೆಸರ್ ತಾನಾಗಿ ಕಟ್ ಆಗುತ್ತಿರಬಹುದು. ಆಗ ಪೈಪು ಸಡಿಲಿಸಿ ಒಂದಿಷ್ಟು ಗಾಳಿಗೆ ಬಿಡಿಸುವ ಕೆಲಸ ಮಾಡಿಸಬೇಡಿ. ಮಷೀನಿನಲ್ಲಿ ಪೂರ್ತಿ ಹಿಂದಕ್ಕೆ ಎಳೆದು, ವ್ಯಾಕ್ಯೂಮ್ ಮಾಡಿ, ತೂಕಕ್ಕೆ ಸರಿಯಾಗಿ ಮತ್ತೆ ತುಂಬುವ ಕಡೆ ಹೋಗಿ, ಸ್ಟಿಕ್ಕರಿನ ಫೋಟೊ ಫೋನಿನಲ್ಲಿ ತೆಗೆದಿಟ್ಟುಕೊಂಡಿರಿ. ಆದರೆ ಈ ಕೆಲಸ ಬ್ಲೋವರ್ ರಿಪೇರಿಯಾದ ಮೇಲಿರಲಿ, ಹಿಂದಿನ ತಂಪನ್ನೂ ಆಗಲೇ ಒಟ್ಟಿಗೆ ಪರೀಕ್ಷಿಸಬಹುದು.

ಅಲ್ಲಿಯವರೆಗೆ ಬುಕಿಂಗ್ ಇರುವ ಅತಿಥಿಗಳಿಗೆ ಮುಂದಿನ ನಡು ವೆಂಟುಗಳನ್ನು ಮೇಲಕ್ಕೆ, ಚಾವಣಿಯ ಕಡೆಗೆ ತಿರುಗಿಸಿ, ಮುಂದಿನ ಬ್ಲೋವರನ್ನು ಒಂದು ಸ್ಪೀಡ್ ಹೆಚ್ಚಿಗೆ ಇಟ್ಟು, ಹೊರಗಿನ ಗಾಳಿ ಬಾರದಂತೆ ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ. ಗಾಳಿ ಚಾವಣಿಗುಂಟ ಹಿಂದಕ್ಕೆ ಹೋಗುತ್ತದೆ. ಎರಡನೇ ಸಾಲಿನವರಿಗೆ ಇಷ್ಟು ಸಾಕಾಗುತ್ತದೆ. ಮೂರನೇ ಸಾಲಿನಲ್ಲಿ ಕೂರುವವರಿಗೆ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಸಣ್ಣ ಫ್ಯಾನ್ ಕೊಡಬಹುದು, ಅದು ಎಳೆಯುವ ಕರೆಂಟು ಸಾಕೆಟ್ಟಿನ ಫ್ಯೂಸಿಗೆ ಭಾರವಲ್ಲ.